ಎಂಬತ್ತಾರನೆಯ ನಿಮಿಷ

ಸ್ಟಾಫರ್ಡ್ ದಾಟುವವರೆಗೆ ಬಸ್ಸಿನಲ್ಲಿ
ಒಂದು ಒಳ್ಳೆಯ ಮಾತು ಹುಟ್ಟಲಿಲ್ಲ.
ನಲವತ್ತೊಂಬತ್ತು ಒದ್ದೆ ಕೋಟು, ವಿನಿಗರ್ ನಾತ,
ಎಲ್ಲರ ಬಾಯಲ್ಲೂ ಒಂದೇ ಹೆಸರು: ಓಸ್ಗುಡ್.
ಹತ್ತೊಂಬತ್ತರ ಹುಡುಗ, ನಮ್ಮ ಗೋಲ್‌ಕೀಪರ್,
ಎಂಬತ್ತೆಂಟನೆಯ ನಿಮಿಷದಲ್ಲಿ
ಕಾಲ ಸಂದಿಯಿಂದ ಚೆಂಡು ಬಿಟ್ಟವನು.
ಒಬ್ಬ ಅವನ ಕೈಗೆ ಬೆಣ್ಣೆ ಸವರಿದ.
ಒಬ್ಬಳು ಅವನ ಅಮ್ಮನವರೆಗೂ ಹೋದಳು.
ಒಬ್ಬಳು ಎಂದರೆ, ನಾನೇ.

ಇಡೀ ವರುಷದ ಓಟ ಅದು, ಪ್ಲೇಆಫ್,
ಇನ್ನೊಂದು ಮೆಟ್ಟಿಲು ಹತ್ತಿದ್ದರೆ ಮೇಲಿನ ಲೀಗು.
ಈಗ ಮತ್ತೆ ಆಗಸ್ಟು, ಮತ್ತೆ ಅದೇ ತಗಡಿನ ಛಾವಣಿ,
ಅದೇ ಬಿಸಿಯಾರಿದ ಕಡುಬು.

ಸ್ಟಾಫರ್ಡ್ ದಾಟಿದರೆ ನಮ್ಮೂರ ರೇಡಿಯೊ ಸಿಗುತ್ತದೆ,
ಮೊದಲು ಕರಕರ, ಆಮೇಲೆ ಅರ್ಧ ಹವಾಮಾನ,
ಆಮೇಲೆ ಹೆಡ್ಲಿ ಸ್ಟಾನಿಫೋರ್ತನ ದನಿ.
ಯಾವ ಕಾಲದಲ್ಲೋ ಎಡಗಡೆ ಆಡುತ್ತಿದ್ದನಂತೆ;
ಮಂಡಿ ಹೋಯಿತು, ಕಣ್ಣು ಉಳಿಯಿತು.
ಅವಸರವಿಲ್ಲ ಅವನಿಗೆ. ಗಂಜಿ ಆರಿಸಿ ಆರಿಸಿ
ಕುಡಿಯುವವನ ಹಾಗೆ ಮಾತು.

'ಓಸ್ಗುಡ್‌ನನ್ನು ಆಮೇಲೆ ಬೈಯೋಣ,' ಎಂದ.
'ಮೊದಲು ಎಂಬತ್ತಾರಕ್ಕೆ ಬನ್ನಿ.
ಚೆಂಡು ನೋಡಬೇಡಿ, ಅದನ್ನು ಒಂಬತ್ತು ಸಾವಿರ ಜನ
ನೋಡುತ್ತಲೇ ಇದ್ದರು.
ನಾನು ಕ್ಲೆಗ್‌ನ ಬಾಯಿ ನೋಡುತ್ತಿದ್ದೆ.'

ಡ್ರೈವರು ದನಿ ಏರಿಸಿದ. ಅವನಿಗೆ ಫುಟ್ಬಾಲೇ ಆಗದು.

'ಕ್ಲೆಗ್ ಸಂಜೆಯೆಲ್ಲ ಮಾತಾಡುತ್ತಿದ್ದ:
ಒಳಗೆ ಬಾ, ನಿಲ್ಲು, ಹಿಂದೆ ಒಬ್ಬನಿದ್ದಾನೆ.
ಎಡಗಡೆಯ ಆ ಇದ್ರಿಸ್ ಹುಡುಗ
ಕಾಲಿನಿಂದಲ್ಲ, ಕಿವಿಯಿಂದ ಆಡುತ್ತಿದ್ದ.
ಎಂಬತ್ತಾರಕ್ಕೆ ಕ್ಲೆಗ್‌ನ ಬಾಯಿ ನಿಂತಿತು.
ಇದ್ರಿಸ್ ನಾಲ್ಕು ಹೆಜ್ಜೆ ಒಳಗೆ ಸರಿದ,
ಬರೀ ನಾಲ್ಕು.
ಆ ಕಿಂಡಿಯಲ್ಲಿ ಅವರ ಏಳನೆಯ ನಂಬರು ಬಂದ.
ಕೀಪರಿಗೆ ಎರಡು ಬಾಗಿಲು, ಇರುವುದು ಒಂದೇ ಮೈ.
ಕ್ಲೆಗ್‌ನದೂ ತಪ್ಪು ಅನ್ನಲಾರೆ. ಮೂವತ್ತಾರು ಅವನಿಗೆ.
ದನಿ ಮೊದಲು ಹೋಗುತ್ತದೆ, ಕಾಲು ಆಮೇಲೆ.'

ಎಮ್ಮೆಗೆ ಜ್ವರ ಬಂದಿತ್ತು,
ನಾವು ಎತ್ತಿಗೆ ಬರೆ ಕಾಯಿಸುತ್ತ ಕೂತಿದ್ದೆವು.

ನನ್ನ ಕೆಲಸ ನೀರು ಸರಬರಾಜಿನ ಕಚೇರಿಯಲ್ಲಿ, ಫೋನು.
ನಲ್ಲಿಯಲ್ಲಿ ಕೆಸರು ಬಂದರೆ ಬೈಗುಳ ನನಗೆ;
ಒಡೆದ ಕೊಳವೆ ಎಲ್ಲೋ ಮೂರು ಮೈಲಿ ಆಚೆ,
ಯಾರದೋ ದನದ ಕೊಟ್ಟಿಗೆಯ ಕೆಳಗೆ.
ಹನ್ನೆರಡು ವರುಷದಿಂದ ಇದು ಗೊತ್ತು ನನಗೆ.
ಗೊತ್ತಿದ್ದೂ ಹುಡುಗನ ಅಮ್ಮನವರೆಗೆ ಹೋದೆ.

ಮುಂದಿನ ಸೀಟಿನ ಎನಿಡ್ ಹಾವರ್ತ್, ಎಪ್ಪತ್ತೆಂಟು,
ಕೈಗವುಸು ಕಳಚಿ, ಆವಿ ಹಿಡಿದ ಕಿಟಕಿಯ ಮೇಲೆ
ಬೆರಳಿನಿಂದ ಮೈದಾನ ಬರೆದಳು.
ಇದು ಕ್ಲೆಗ್, ಇದು ಇದ್ರಿಸ್, ಇಗೋ ಆ ಕಿಂಡಿ.
ಸೀಟು ಬಿಟ್ಟು ಜನ ಬಂದರು, ಬಗ್ಗಿ ನೋಡಿದರು,
ಆಪರೇಷನ್ ಆದವನ ಎಕ್ಸ್‌ರೇ ನೋಡುವ ಹಾಗೆ.
'ಹೌದಲ್ಲ,' 'ನಾನೂ ನೋಡಿದ್ದೆ' (ಸುಳ್ಳು),
'ಎಷ್ಟು ಚೆನ್ನಾಗಿ ಬಿಡಿಸಿದ ಮುದುಕ.'
ಹಿಂದಿನಿಂದ ಯಾರೋ, ಗಂಟಲು ಒಡೆದ ದನಿಯಲ್ಲಿ:
'ಕ್ಲೆಗ್ ಕೂಗಿಯೇ ಇದ್ದನೇನೋ.
ಕೂಗು ನಮ್ಮದೇ ಜೋರಾಗಿತ್ತಲ್ಲ, ಆಗ.'
ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಹೆಡ್ಲಿ 'ಶುಭರಾತ್ರಿ, ಹುಷಾರಾಗಿ ಮನೆಗೆ ಹೋಗಿ' ಎಂದ.
ನಾವು ಚಪ್ಪಾಳೆ ತಟ್ಟಿದೆವು,
ಸೋತು ಬರುವ ಬಸ್ಸಿನಲ್ಲಿ, ರಾತ್ರಿ ಹನ್ನೆರಡೂವರೆಗೆ,
ಕೇಳಿಸಿಕೊಳ್ಳಲಾರದ ಒಂದು ಪೆಟ್ಟಿಗೆಗೆ.
ಆಮೇಲೆ ಕಾರ್ಪೆಟ್ ಅಂಗಡಿಯ ಜಾಹೀರಾತು ಬಂತು,
ಅದನ್ನೂ ಆರಿಸು ಅನ್ನಲಿಲ್ಲ ಯಾರೂ.

ಫ್ಲಾಸ್ಕಿನ ಕೊನೆಯ ಚಹಾ ನನ್ನತ್ತ ಚಾಚಿ ಎನಿಡ್ ಎಂದಳು:
'ಸೋತದ್ದು ಸೋತದ್ದೇ ಬಿಡು. ಆದರೆ ನಿದ್ದೆ ಬಂದೀತು.'

ಕಿಟಕಿಯಲ್ಲಿ ಲಾರಿಗಳ ದೀಪ
ಮೈದಾನದ ಮೂಲಕ ಹಾದು ಹೋಗುತ್ತಿತ್ತು.
ಇದ್ರಿಸ್ ಮೊದಲು ಕರಗಿದ, ಆಮೇಲೆ ಆ ಏಳನೆಯವನು.
ಕ್ಲೆಗ್ ಹನಿಯಾಗಿ ಗಾಜಿನುದ್ದಕ್ಕೂ ಇಳಿದ.
ಓಸ್ಗುಡ್ ಮಾತ್ರ ಮೂಲೆಯಲ್ಲಿ ನಿಂತೇ ಇದ್ದ,
ಎರಡೂ ಬಾಗಿಲು ನೋಡುತ್ತ,
ಹತ್ತೊಂಬತ್ತು ವರುಷದ ಒಂದು ಚುಕ್ಕೆ.